ನಾಯಿಮರಿಯ ಕಣ್ಣಿನ ಬೇನೆ: ಗುರುತು ಮತ್ತು ಆರೈಕೆ

ಎತ್ತು ಕುಂಟಿದರೆ, ಎಮ್ಮೆ ಹಾಲು ಇಳಿಸಿದರೆ ನಾವು ರೈತರು ಆ ದಿನವೇ ದವಾಖಾನೆಯ ದಾರಿ ಹಿಡಿಯುತ್ತೇವೆ. ಅಂಗಳದ ನಾಯಿಮರಿ ಒಂದು ಕಣ್ಣು ಮುಚ್ಚಿಕೊಂಡು ಮೂಲೆಗೆ ಕೂತರೆ ಮಾತ್ರ, 'ಏನೋ ಬಿದ್ದಿರಬೇಕು, ನಾಳೆ ತಾನಾಗಿ ಸರಿಹೋದೀತು' ಎಂದು ಬಿಟ್ಟುಬಿಡುತ್ತೇವೆ. ಎಷ್ಟೋ ಸಲ ಸರಿಹೋಗುವುದೂ ಉಂಟು. ಆದರೆ ಸರಿಹೋಗದ ಕಣ್ಣು ಒಂದೆರಡು ದಿನಗಳಲ್ಲಿಯೇ ಕೈಬಿಟ್ಟು ಹೋಗುವುದೂ ಉಂಟು. ಯಾವ ಬೇನೆ ನಾಳೆಯವರೆಗೆ ತಡೆಯುತ್ತದೆ, ಯಾವುದು ತಡೆಯದು ಎಂಬುದನ್ನು ಮನೆಯಲ್ಲಿಯೇ ಗುರುತಿಸುವ ಬಗೆಯನ್ನು ಈ ವಾರದ ಕೃಷಿ ಪುಟದಲ್ಲಿ ತಿಳಿಸಲಿದ್ದೇವೆ.

ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗಿನ ನಮ್ಮ ಸೀಮೆಯಲ್ಲಿ ನಾಯಿ ಬರಿಯ ಹವ್ಯಾಸದ ವಸ್ತುವಲ್ಲ. ತೋಟದ ಮನೆಗೆ ರಾತ್ರಿಯ ಕಾವಲು ಅದೇ. ಕುರಿ ಹಿಂಡಿನ ಸಂಗಡ ಊರೂರು ತಿರುಗುವ ಧನಗರ ಮತ್ತು ಕುರುಬ ಬಂಧುಗಳಿಗೆ ತೋಳ ಬಂದ ಸುಳಿವು ಕೊಡುವುದೂ ಅದೇ. ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡುಗಳ ಬಾಗಿಲಲ್ಲಿ ಮಲಗಿರುವುದೂ ಅದೇ. ಇವುಗಳಲ್ಲಿ ಮುಧೋಳ ಜಾತಿಯ ನಾಯಿಗೆ ಹೆಸರು ದೊಡ್ಡದು. ಮರಾಠಿ ಮಾತಾಡುವ ನೆರೆಯವರು ಅದನ್ನೇ ಕಾರವಾನಿ ಎನ್ನುತ್ತಾರೆ. ಭಾರತದ ಅಂಚೆ ಇಲಾಖೆ 2005ರಲ್ಲಿ ದೇಶೀ ನಾಯಿಗಳ ಮೇಲೆ ಅಂಚೆಚೀಟಿ ಹೊರಡಿಸಿದಾಗ ಇದಕ್ಕೂ ಒಂದು ಚೀಟಿ ಮೀಸಲಾಯಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಈ ತಳಿಗಾಗಿಯೇ ಒಂದು ಸಂಶೋಧನ ಕೇಂದ್ರ ನಡೆಸುತ್ತಾರೆ.

ಈ ತಳಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಓಡುವ ನಾಯಿ. ದೂರದಲ್ಲಿ ಏನೊಂದು ಅಲುಗಿದರೂ ಅದು ಕಾಣುತ್ತದೆ. ಕಂಡದ್ದರ ಮೇಲೆ ಬಾಣದಂತೆ ಹೋಗುತ್ತದೆ. ಅಂಥ ಮರಿ ಕೊಳ್ಳುವಾಗ ನಾವು ಸೊಂಟದ ಸಣ್ಣಳತೆ ನೋಡುತ್ತೇವೆ, ಕಾಲಿನ ಉದ್ದ ನೋಡುತ್ತೇವೆ, ಬಾಲದ ಬಾಗು ನೋಡುತ್ತೇವೆ. ಬೆಳಕಿಗೆ ಹಿಡಿದು ಕಣ್ಣು ನೋಡುವವರು ಅಪರೂಪ.

ಮೊದಲ ದಿನಗಳು

ನಾಯಿಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ. ಸಾಮಾನ್ಯವಾಗಿ 10ರಿಂದ 14 ದಿನಗಳೊಳಗೆ ರೆಪ್ಪೆಗಳು ಬಿಡುತ್ತವೆ. ಎರಡೂ ಕಣ್ಣು ಒಂದೇ ದಿನ ಬಿಡಬೇಕೆಂಬ ನೇಮವಿಲ್ಲ. ಅವಸರಪಟ್ಟು ಬೆರಳಿನಿಂದ ಬಿಡಿಸಲು ಹೋಗಬಾರದು. ಹೊಸದಾಗಿ ತೆರೆದ ಕಣ್ಣು ನೀಲಿಛಾಯೆಯಿಂದ ಮಸುಕಾಗಿ ಕಾಣುವುದು ಸಹಜವೇ. ವಾರಗಳು ಕಳೆದಂತೆ ಅದು ತಿಳಿಯಾಗುತ್ತ ಬರುತ್ತದೆ. ನೋಟ ಬಲಿಯುವುದಕ್ಕೆ ಆರರಿಂದ ಎಂಟು ವಾರ ಬೇಕು.

ಆದರೆ ರೆಪ್ಪೆ ಬಿಡುವ ಮೊದಲೇ ಮುಚ್ಚಿದ ಕಣ್ಣು ಗುಳ್ಳೆಯಂತೆ ಉಬ್ಬಿದರೆ, ಇಲ್ಲವೆ ಮೂಲೆಯಿಂದ ಕೀವು ಒಸರಿದರೆ ಅದು ಸಹಜವಲ್ಲ. ಹೆರುವಾಗಲೋ ಹೊಲಸು ಹಾಸಿಗೆಯಿಂದಲೋ ನಂಜು ಒಳಗೆ ಸೇರಿರುತ್ತದೆ. ಹೊರಗೆ ಬರಲು ದಾರಿಯಿಲ್ಲದ ಕೀವು ಒಳಗೆ ಕಣ್ಣನ್ನು ತಿನ್ನುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಅರಳೆಯಿಂದ ಮೃದುವಾಗಿ ಕಾವು ಕೊಟ್ಟು ಒರೆಸುತ್ತ, ಆ ದಿನವೇ ಡಾಕ್ಟರರ ಬಳಿಗೆ ಒಯ್ಯಬೇಕು. ರೆಪ್ಪೆ ಬಿಡಿಸಿ ಕೀವು ತೆಗೆಯುವುದು ಅವರ ಕೆಲಸ. ಒಂದು ಮರಿಗೆ ಹೀಗಾದರೆ ಉಳಿದ ಮರಿಗಳನ್ನೂ ನೋಡಬೇಕು, ಹಾಸಿಗೆಯನ್ನು ಬದಲಿಸಬೇಕು.

ಕಣ್ಣು ನೋಡುವ ರೀತಿ

ಮರಿಯನ್ನು ಬಾಗಿಲ ಬೆಳಕಿಗೆ ಮುಖಮಾಡಿ ಮಡಿಲಲ್ಲಿ ಕೂಡಿಸಿಕೊಳ್ಳಿರಿ. ಮುಟ್ಟುವ ಮೊದಲು ದೂರದಿಂದಲೇ ಒಂದು ನಿಮಿಷ ನೋಡಿರಿ. ಎರಡೂ ಕಣ್ಣು ಒಂದೇ ಅಳತೆಗೆ ತೆರೆದಿವೆಯೇ? ಒಂದನ್ನು ಕಿರಿದು ಮಾಡಿ ಪಿಳಿಪಿಳಿ ಬಡಿಯುತ್ತಿದೆಯೇ? ಮುಂಗಾಲಿನಿಂದ ಉಜ್ಜುತ್ತಿದೆಯೇ? ಕಣ್ಣು ಕಿರಿದಾಗುವುದೆಂದರೆ ನೋವು ಎಂದೇ ತಿಳಿಯಬೇಕು. ನಾಯಿ ಕಣ್ಣುನೋವಿಗೆ ಕೂಗುವುದಿಲ್ಲ, ಮುಚ್ಚುತ್ತದೆ ಅಷ್ಟೆ.

ಅನಂತರ ಗೀಜನ್ನು ನೋಡಿರಿ. ಬೆಳಿಗ್ಗೆ ಮೂಲೆಯಲ್ಲಿ ಚೂರು ಕಂದು ಗೀಜು ಇದ್ದರೆ ಅದು ಬೇನೆಯಲ್ಲ. ತಿಳಿ ನೀರು ಸುರಿಯುತ್ತಿದ್ದರೆ ದೂಳು, ಹೊಗೆ ಇಲ್ಲವೆ ಗೀರುಗಾಯ ಇರಬಹುದು. ಹಳದಿ, ಹಸಿರು ಬಣ್ಣದ ದಪ್ಪ ಗೀಜು ಬಂದರೆ ನಂಜು ಸೇರಿದೆ ಎಂದು ಅರ್ಥ. ಒಂದು ಕಣ್ಣಿಗೆ ಮಾತ್ರ ಇದ್ದರೆ ಕಸ ಅಥವಾ ಗಾಯದ ಸಂಶಯ. ಎರಡೂ ಕಣ್ಣಿಗೆ ಇದ್ದು ಮೂಗೂ ಸೋರುತ್ತಿದ್ದರೆ ಮೈಯೊಳಗಿನ ರೋಗದ ಸಂಶಯ. ಈ ಒಂದು ಭೇದವನ್ನು ನೆನಪಿಟ್ಟರೆ ಅರ್ಧ ಕೆಲಸ ಆದಂತೆಯೇ.

ಕಡೆಗೆ ಕಣ್ಣಿನ ಮುಂಭಾಗವನ್ನು ನೋಡಿರಿ. ಗಡಿಯಾರದ ಮೇಲಿನ ಗಾಜಿನಂತೆ ಒಂದು ತಿಳಿ ಪದರ ಅಲ್ಲಿ ಕೂತಿರುತ್ತದೆ. ಇದಕ್ಕೆ ಪಾರಪಟಲ ಎಂದು ಹೆಸರು. ಆರೋಗ್ಯದ ಕಣ್ಣಿನಲ್ಲಿ ಬಾಗಿಲ ಚೌಕಟ್ಟಿನ ಪ್ರತಿಬಿಂಬ ಅದರ ಮೇಲೆ ಚೊಕ್ಕವಾಗಿ ಮೂಡುತ್ತದೆ. ಬಿಂಬ ಒಡೆದು ಕಂಡರೆ, ಅಲ್ಲಿ ನೀಲಿಬಿಳುಪು ಮಬ್ಬು ಕಂಡರೆ ಪದರಕ್ಕೆ ಪೆಟ್ಟಾಗಿದೆ. ನಾಯಿಯ ಪಾರಪಟಲದ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಕಣ್ಣನ್ನು ಕಾಯುವ ಗೋಡೆ ಇಷ್ಟೇ. ಕೆಟ್ಟ ನಂಜು ತಗಲಿದರೆ ಈ ಗೋಡೆ ಕರಗಿ ಒಂದು ಹಗಲು ರಾತ್ರಿಯೊಳಗೆ ತೂತು ಬೀಳಬಲ್ಲದು. ನಮ್ಮ ಹಳ್ಳಿಗಳಲ್ಲಿ 'ಕಣ್ಣಲ್ಲಿ ಹೂ ಬಿತ್ತು' ಎನ್ನುವುದು ಈ ಪದರದ ಮೇಲೆ ಉಳಿಯುವ ಬಿಳಿಯ ಕಲೆಗೆ. ಬಹಳ ಸಲ ಅದು ಬೇನೆಯ ಮೊದಲಲ್ಲ, ಕೊನೆ. ಗಾಯ ಮಾಯ್ದ ಮೇಲೆ ಉಳಿದ ಗುರುತು.

ನೋಟವಿದೆಯೋ ಇಲ್ಲವೋ ಎಂದು ತಿಳಿಯಲು ಅರಳೆಯ ಉಂಡೆಯೊಂದನ್ನು ಮರಿಯ ಮುಂದೆ ಮೇಲಿನಿಂದ ಬಿಡಿರಿ. ಅರಳೆ ಸಪ್ಪಳ ಮಾಡದು, ಗಾಳಿಯನ್ನೂ ಬೀಸದು. ಕಣ್ಣಿರುವ ಮರಿ ತಲೆಯಾಡಿಸಿ ಅದನ್ನು ಹಿಂಬಾಲಿಸುತ್ತದೆ. ಕೈ ಬೀಸಿದರೆ ರೆಪ್ಪೆ ಬಡಿಯುವುದನ್ನು ಮರಿ ಮೂರು ತಿಂಗಳ ಹೊತ್ತಿಗೆ ಕಲಿಯುತ್ತದೆ. ಆದುದರಿಂದ ಎಳೆಮರಿ ಕೈ ಬೀಸಿದಾಗ ಬೆದರಲಿಲ್ಲವೆಂದು ಕುರುಡು ಎನ್ನಬಾರದು.

ನಮ್ಮ ಸೀಮೆಯ ಕಾರಣಗಳು

ಕಬ್ಬು ಕಡಿಯುವ ಕಾಲದಲ್ಲಿ ಮರಿಗಳು ಆಳುಗಳ ಹಿಂದೆ ಗದ್ದೆಯೊಳಗೆ ನುಗ್ಗುತ್ತವೆ. ಕಬ್ಬಿನ ಎಲೆಯ ಅಂಚು ಗರಗಸದಂತಿರುವುದು ಕಡಿಯುವವರ ಕೈಗಳಿಗೆ ಗೊತ್ತು. ಅದು ಮರಿಯ ಕಣ್ಣಿನ ಮಟ್ಟದಲ್ಲಿಯೇ ಇರುತ್ತದೆ. ಒಣ ರವದಿಯಲ್ಲಿ ಹೊರಳಿದ ಮರಿ ಸಂಜೆ ಒಂದು ಕಣ್ಣು ಮುಚ್ಚಿಕೊಂಡು ಬಂದರೆ ಮೊದಲು ಗೀರುಗಾಯವನ್ನೇ ನೆನೆಯಬೇಕು.

ಎರಡನೆಯದು ಹುಲ್ಲಿನ ಮುಳ್ಳು, ಮರಾಠಿಯಲ್ಲಿ ಕುಸಳ ಎಂಬುದು. ಒಣಗಿದ ಬಾಣಹುಲ್ಲಿನ ಈ ಮೊನೆ ಒಳಗೆ ನುಗ್ಗಬಲ್ಲದು, ಹಿಂದೆ ಬಾರದು. ಬೇರೆಯವರ ಕಣ್ಣಿನ ಕುಸಳ ಕಾಣುತ್ತದೆ, ತನ್ನ ಕಣ್ಣಿನ ಒನಕೆ ಕಾಣದು ಎಂದು ಮರಾಠಿಯವರ ಗಾದೆಯುಂಟು. ನಾಯಿಯ ವಿಷಯದಲ್ಲಿ ಬೇರೆಯವರ ಕಣ್ಣಿನ ಕುಸಳವೂ ಕಾಣುವುದಿಲ್ಲ. ನಾಯಿಗೆ ಒಳಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದಿದೆ. ಮುಳ್ಳು ಅದರ ಹಿಂದೆ ಅಡಗಿ ಕೂತು ದಿನವೆಲ್ಲ ಕಣ್ಣನ್ನು ಗೀರುತ್ತದೆ. ಔಷಧ ಹಾಕಿದಷ್ಟು ದಿನ ಇಳಿದು, ಬಿಟ್ಟೊಡನೆ ಮರಳುವ ಒಂದೇ ಕಣ್ಣಿನ ಗೀಜಿಗೆ ಇದು ಬಹಳ ಸಲ ಕಾರಣ.

ಮೂರನೆಯದು ಸುಣ್ಣ. ಬೆಲ್ಲದ ಗಾಣದಲ್ಲಿ ಕಬ್ಬಿನ ಹಾಲು ಸೋಸಲು ಭೆಂಡಿಯ ಲೋಳೆಯ ಜೊತೆಗೆ ಸುಣ್ಣವನ್ನೂ ಬಳಸುವುದುಂಟು. ದೀಪಾವಳಿಯ ಮುಂದೆ ಗೋಡೆಗೆ ಹಚ್ಚುವ ಸುಣ್ಣದ ಬಕೀಟು ಅಂಗಳದಲ್ಲಿರುತ್ತದೆ. ಕಣ್ಣಿಗೆ ಹುಳಿಗಿಂತ ಕ್ಷಾರ ಕೆಟ್ಟದ್ದು. ಹುಳಿ ಮೇಲಿನ ಪದರದಲ್ಲಿಯೇ ಬಹುಮಟ್ಟಿಗೆ ನಿಲ್ಲುತ್ತದೆ. ಸುಣ್ಣ ಕರಗುತ್ತ ಕರಗುತ್ತ ಒಳಗೆ ಇಳಿಯುತ್ತದೆ. ಬೇಲಿಯ ಕಳ್ಳಿಯ ಹಾಲು, ಎಕ್ಕೆಯ ಹಾಲು ಇವೂ ಇದೇ ಬಗೆಯವು. ಹಲ್ಲು ಬರುವ ಕಾಲದಲ್ಲಿ ಕಂಡದ್ದನ್ನೆಲ್ಲ ಕಡಿಯುವ ಮರಿಗೆ ಕಳ್ಳಿಯ ಬೇಲಿ ಅಪಾಯದ ಜಾಗ.

ಗಡಹಿಂಗ್ಲಜ, ಸಂಕೇಶ್ವರದ ಕಡೆಗೆ ಮೆಣಸಿನಕಾಯಿ ರಾಶಿ ಮಾಡುವ ಮನೆಗಳಲ್ಲಿ, ನಿಪ್ಪಾಣಿಯ ಸುತ್ತ ತಂಬಾಕು ಹದಮಾಡುವ ಮನೆಗಳಲ್ಲಿ ಘಾಟಿನ ದೂಳು. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ನೂಲಿನ ತುಪ್ಪಳು. ಗಾಣದ ಒಲೆಯ ಬಾಯಿಯಲ್ಲಿ ಹೊಗೆ. ಇವುಗಳಿಂದ ಎರಡೂ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಜಾಗ ಬದಲಿಸಿ ಕಣ್ಣು ತೊಳೆದರೆ ಬಹುತೇಕ ಒಂದು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು.

ಹುಟ್ಟಿನಿಂದ ಬರುವ ದೋಷಗಳು

ಕೆಲವು ಮರಿಗಳಿಗೆ ರೆಪ್ಪೆಯ ಅಂಚು ಒಳಗೆ ಮಡಚಿಕೊಂಡು ರೋಮಗಳು ಕಣ್ಣಿಗೆ ತಿಕ್ಕುತ್ತಿರುತ್ತವೆ. ಮುಖದ ಚರ್ಮ ಸಡಿಲವಾಗಿರುವ ತಳಿಗಳಲ್ಲಿ ಇದು ಹೆಚ್ಚು. ಎಳೆಯದರಲ್ಲಿ ಡಾಕ್ಟರರು ಒಂದೆರಡು ತಾತ್ಪೂರ್ತಿಕ ಹೊಲಿಗೆ ಹಾಕಿ ರೆಪ್ಪೆಯನ್ನು ಹೊರಗೆ ತಿರುಗಿಸುತ್ತಾರೆ. ಮುಖ ಬಲಿತ ಮೇಲೂ ಉಳಿದರೆ ಶಸ್ತ್ರಕ್ರಿಯೆ.

ಇನ್ನೊಂದು, ಒಳಮೂಲೆಯಲ್ಲಿ ಒಮ್ಮೆಲೇ ಕೆಂಪು ಹಣ್ಣಿನಂಥ ಗಂಟು ಎದ್ದು ಕಾಣುವುದು. ಇದಕ್ಕೆ ಚೆರ್ರಿ ಐ ಎನ್ನುತ್ತಾರೆ. ನೋಡಿದವರು ಗಾಬರಿಪಡುತ್ತಾರೆ, ಕೆಲವರು ದಾರ ಬಿಗಿದು ಉದುರಿಸುವ, ಕತ್ತರಿಯಿಂದ ತೆಗೆಯುವ ಸಲಹೆ ಕೊಡುತ್ತಾರೆ. ಹಾಗೆ ಎಂದೂ ಮಾಡಬಾರದು. ಅದು ಬೇಡದ ಮಾಂಸವಲ್ಲ, ಜಾಗ ತಪ್ಪಿದ ಕಣ್ಣೀರಿನ ಗ್ರಂಥಿ. ಕಣ್ಣಿಗೆ ಬೇಕಾದ ನೀರಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಅದರಿಂದಲೇ ಬರುತ್ತದೆ. ತೆಗೆದುಹಾಕಿದರೆ ಮುಂದೆ ಕಣ್ಣು ಒಣಗಿ ಜೀವಮಾನವೆಲ್ಲ ಔಷಧ ಹಾಕುವ ಪ್ರಸಂಗ ಬರುತ್ತದೆ. ಗ್ರಂಥಿಯನ್ನು ಮರಳಿ ಅದರ ಜಾಗಕ್ಕೆ ಕೂಡಿಸಿ ಹೊಲಿಯುವುದೇ ಸರಿಯಾದ ಶಸ್ತ್ರಕ್ರಿಯೆ. ಇದಕ್ಕೆ ಕೆಲವು ದಿನ ತಡೆದರೂ ನಡೆಯುತ್ತದೆ. ಗಂಟು ಒಣಗದಂತೆ, ಮರಿ ಉಜ್ಜದಂತೆ ಕಾದರೆ ಸಾಕು.

ಕಣ್ಣು ಹೇಳುವ ಮೈಯ ರೋಗ

ಎರಡೂ ಕಣ್ಣಲ್ಲಿ ಗೀಜು, ಮೂಗಿನಲ್ಲಿ ಸಿಂಬಳ, ಮೈ ಬಿಸಿ, ಊಟ ಬೇಡ. ಈ ನಾಲ್ಕು ಸೇರಿದರೆ ಅದು ಡಿಸ್ಟೆಂಪರ್ ಇರಬಹುದು. ಮೂರರಿಂದ ಆರು ತಿಂಗಳ ಲಸಿಕೆಯಿಲ್ಲದ ಮರಿಗಳಿಗೆ ಇದು ಯಮನಿದ್ದಂತೆ. ಮೊದಲು ಕಣ್ಣು, ಮೂಗು. ಬಳಿಕ ಕೆಮ್ಮು, ಭೇದಿ. ಕಡೆಗೆ ಸೆಳೆತ, ಕಾಲು ನಡುಕ. ಇದು ಅತಿ ಸೂಕ್ಷ್ಮವಾದ ವಿಷಾಣುವಿನಿಂದ ಬರುವ ರೋಗವೆಂದು ಫ್ರಾನ್ಸಿನ ಪಶುವೈದ್ಯ ಆಂರಿ ಕಾರೆ 1905ರಲ್ಲಿ ತೋರಿಸಿಕೊಟ್ಟರು. ರೋಗ ಬಂದ ಮೇಲೆ ವಿಷಾಣುವನ್ನು ನೇರ ಕೊಲ್ಲುವ ಮದ್ದು ಇಂದಿಗೂ ಇಲ್ಲ. ಬಾರದಂತೆ ತಡೆಯುವ ಲಸಿಕೆ ಇದೆ. ಇಂಥ ಮರಿಯನ್ನು ಉಳಿದ ನಾಯಿಗಳಿಂದ ಬೇರೆ ಕಟ್ಟಬೇಕು. ತಟ್ಟೆ, ಹಾಸಿಗೆಗಳೂ ಬೇರೆ ಇರಬೇಕು. ಮನುಷ್ಯರಿಗೆ ಇದು ತಗಲದು.

ನಾಯಿಯ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಕೈಮುಟ್ಟಿ ನೋಡಿ ಜ್ವರವೆಂದು ಹೇಳಲಾಗದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. 103ಕ್ಕೆ ಮಿಕ್ಕಿದರೆ ಕಣ್ಣಿನ ಬೇನೆ ಬರಿಯ ಕಣ್ಣಿನದಲ್ಲ ಎಂದು ತಿಳಿಯತಕ್ಕದ್ದು.

ಇನ್ನೊಂದು ವಿಷಾಣು ಯಕೃತ್ತಿಗೆ ತಗಲುವಂಥದು. ಆ ಬೇನೆಯಿಂದ ಚೇತರಿಸಿಕೊಂಡ ಒಂದೆರಡು ವಾರಗಳ ಮೇಲೆ ಕೆಲವು ಮರಿಗಳ ಕಣ್ಣು ಒಮ್ಮೆಲೇ ನೀಲಿಯಾಗಿ ಮಬ್ಬಾಗುತ್ತದೆ. ಉಣ್ಣಿಗಳಿಂದ ಬರುವ ಜ್ವರದಲ್ಲಿಯೂ ಕಣ್ಣಿನೊಳಗೆ ರಕ್ತ ಕೂಡುವುದು, ಪಾಪೆಯ ಸುತ್ತ ಕೆಂಪಾಗುವುದು ಉಂಟು. ಆದುದರಿಂದ ಕಣ್ಣು ತೋರಿಸಲು ಹೋದಾಗ ಮೈಮೇಲೆ ಉಣ್ಣಿ ಇದ್ದವೆಂಬುದನ್ನು ಮುಚ್ಚಿಡದೆ ಹೇಳಬೇಕು.

ಮನೆಯಲ್ಲಿ ಮಾಡತಕ್ಕದ್ದು

ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಿರಿ. ಒಬ್ಬರು ಮರಿಯನ್ನು ಅರಿವೆಯಲ್ಲಿ ಸುತ್ತಿ ಹಿಡಿಯಲಿ, ಇನ್ನೊಬ್ಬರು ಕಣ್ಣು ತೊಳೆಯಲಿ. ಔಷಧದ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಲ್ಲಿ ಅರ್ಧ ಲೀಟರು ನೀರನ್ನು ಚೆನ್ನಾಗಿ ಕುದಿಸಿ, ಸಮ ತುಂಬಿದ ಒಂದು ಚಹದ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ ಆರಿಸಿಕೊಳ್ಳಬೇಕು. ಅಂದಿನದು ಅಂದೇ ಮುಗಿಯಬೇಕು, ನಾಳೆಗೆ ಇಡಬಾರದು. ಗೀಜನ್ನು ಒದ್ದೆ ಅರಳೆಯಿಂದ ಮೂಗಿನ ಕಡೆಯಿಂದ ಹೊರಗಡೆಗೆ ಒರೆಸಬೇಕು. ಒಂದು ಕಣ್ಣಿಗೆ ಬಳಸಿದ ಅರಳೆಯನ್ನು ಇನ್ನೊಂದಕ್ಕೆ ಮುಟ್ಟಿಸಬಾರದು.

ಸುಣ್ಣ, ಕಳ್ಳಿಹಾಲು ಬಿದ್ದರೆ ಮಾತ್ರ ಸಲೈನ್ ತರಲು ಓಡಬಾರದು. ಕೈಗೆ ಸಿಕ್ಕ ಶುದ್ಧ ಕುಡಿಯುವ ನೀರನ್ನೇ ಧಾರೆಯಾಗಿ ಬಿಡುತ್ತ 20ರಿಂದ 30 ನಿಮಿಷ ಗಡಿಯಾರ ನೋಡಿಯೇ ತೊಳೆಯಬೇಕು. ಮುಖದ ಮೇಲೆ ಒಣ ಸುಣ್ಣವಿದ್ದರೆ ಮೊದಲು ಅದನ್ನು ಒಣ ಅರಿವೆಯಿಂದ ಝಾಡಿಸಬೇಕು. ರೆಪ್ಪೆಯನ್ನು ಬಿಡಿಸಿ ಒಳಗೂ ನೀರು ಹೋಗಬೇಕು. ಸುಣ್ಣದ ಹರಳು ಅಲ್ಲಿಯೇ ಅಡಗಿರುತ್ತದೆ. ತೊಳೆದು ಮುಗಿದ ಮೇಲೆ ದವಾಖಾನೆ.

ಕಣ್ಣಿಗೆ ಚುಚ್ಚಿಕೊಂಡು ನಿಂತ ಮುಳ್ಳನ್ನು ಕೀಳಬಾರದು. ಕಿತ್ತರೆ ಒಳಗಿನ ನೀರು ಹೊರಗೆ ಬಂದು ಕಣ್ಣು ಕುಸಿಯಬಹುದು. ಚಪ್ಪಟೆ ಮೂಗಿನ ಪಗ್ ಮೊದಲಾದ ಮರಿಗಳಲ್ಲಿ ನಾಯಿಜಗಳದಿಂದಲೋ ಕುತ್ತಿಗೆ ಹಿಡಿದು ಎಳೆದುದರಿಂದಲೋ ಕಣ್ಣುಗುಡ್ಡೆಯೇ ಹೊರಗೆ ಬರುವುದುಂಟು. ಅದನ್ನು ಒಳಗೆ ಒತ್ತಬಾರದು. ಸಲೈನಿನಲ್ಲಿ ನೆನೆಸಿದ ಶುದ್ಧ ಅರಿವೆಯನ್ನು ಮೇಲೆ ಮುಚ್ಚಿ, ಒಣಗದಂತೆ ನೋಡಿಕೊಳ್ಳುತ್ತ ಕೂಡಲೇ ಒಯ್ಯಬೇಕು. ಕೆಲವು ತಾಸು ತಡವಾದರೆ ನೋಟ ಉಳಿಯುವ ಆಸೆ ಕಡಿಮೆ.

ಮರಿ ಉಜ್ಜಿಕೊಳ್ಳದಂತೆ ಕುತ್ತಿಗೆಗೆ ತಡೆ ಬೇಕು. ಅಂಗಡಿಯ ಕೊಳವೆ ಸಿಗದಿದ್ದರೆ ಹಗುರಾದ ಪ್ಲಾಸ್ಟಿಕ್ ಬಕೀಟಿನ ತಳ ಕತ್ತರಿಸಿ, ಅಂಚಿಗೆ ಅರಿವೆ ಸುತ್ತಿ ಕುತ್ತಿಗೆಪಟ್ಟಿಗೆ ಕಟ್ಟಬಹುದು. ಗಾಯವನ್ನು ಕೆಡಿಸುವುದರಲ್ಲಿ ನಂಜಿನಷ್ಟೇ ಪಾಲು ಮರಿಯ ಉಗುರಿನದೂ ಇರುತ್ತದೆ.

ಹಾಕಬಾರದ ಔಷಧ

ಇದು ಲೇಖನದ ಮುಖ್ಯ ಮಾತು. ನಮ್ಮದೇ ತಪ್ಪನ್ನು ಒಪ್ಪಿಕೊಂಡು ಹೇಳುತ್ತೇವೆ. ಒಂದು ಸುಗ್ಗಿಯಲ್ಲಿ ನಮ್ಮ ತೋಟದ ಮರಿ ಎಡಗಣ್ಣು ಮುಚ್ಚಿಕೊಂಡು ಗದ್ದೆಯಿಂದ ಬಂತು. ಮನೆಯಲ್ಲಿ ಹಿರಿಯರ ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಹನಿಯೌಷಧ ಮಾಡದಲ್ಲಿ ಉಳಿದಿತ್ತು. ಕಣ್ಣಿನ ಔಷಧ ಕಣ್ಣಿಗೆ ತಾನೆ ಎಂದು ಹಾಕಿದೆವು. ಎರಡು ದಿನ ಕೆಂಪು ಇಳಿಯಿತು, ಮರಿ ಕಣ್ಣು ಅರೆ ತೆರೆಯಿತು. ನಮ್ಮ ಜಾಣತನಕ್ಕೆ ನಾವೇ ತಲೆದೂಗಿದೆವು. ಮೂರನೆಯ ದಿನ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ದವಾಖಾನೆಯಲ್ಲಿ ಡಾಕ್ಟರರು ಸೀಸೆಯ ಹೆಸರನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಇದು ಕೆಂಪನ್ನು ಮರೆಮಾಡಿತು, ಗಾಯವನ್ನು ಬೆಳೆಸಿತು' ಎಂದರು. ಕಣ್ಣು ಉಳಿಯಿತು, ನಡುವೆ ದೊಡ್ಡ ಹೂ ಉಳಿಯಿತು. ಆ ನಾಯಿ ಬದುಕಿದಷ್ಟು ದಿನವೂ ಎಡಗಡೆಯಿಂದ ಬಂದವರಿಗೆ ಬೆಚ್ಚುತ್ತಿತ್ತು.

ಆ ಸೀಸೆಯಲ್ಲಿದ್ದುದು ಸ್ಟಿರಾಯ್ಡ್. ಶಸ್ತ್ರಕ್ರಿಯೆಯ ಮೇಲೆ ಮನುಷ್ಯನ ಕಣ್ಣಿಗೆ ಅದು ಸರಿಯಾದ ಔಷಧವೇ. ಗೀರುಗಾಯವಾದ ಪಾರಪಟಲಕ್ಕೆ ಅದು ವಿಷ: ಹೊಸ ಚರ್ಮ ಬರಗೊಡದು, ನಂಜಿಗೆ ಬಾಗಿಲು ತೆರೆಯುತ್ತದೆ, ಪದರ ಕರಗುವುದನ್ನು ಚುರುಕು ಮಾಡುತ್ತದೆ. ಸೀಸೆಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಡಾಕ್ಟರರು ನೋಡದೆ ಹಾಕಲೇಬಾರದು. ಬಹಳ ಔಷಧಗಳಲ್ಲಿ ಇವು ಬೇರೆ ಮದ್ದಿನ ಜೊತೆಗೆ ಬೆರೆತಿರುತ್ತವೆ. ಹೆಸರಿನ ಕೊನೆಗೆ 'ಸೋನ್' ಅಥವಾ 'ಲೋನ್' ಕಂಡರೆ ಕೈ ತಡೆಯಬೇಕು. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

ಅದರಂತೆಯೇ ಎಣ್ಣೆ, ಜೇನು, ಪಟಕದ ನೀರು, ಎಲೆಯ ರಸ ಬೇಡ. ಎತ್ತಿನ ಕಣ್ಣಿಗೆ ಉಪ್ಪು, ತಂಬಾಕು ಅಗಿದು ಉಗುಳುವ ರೂಢಿ ಕೆಲವೆಡೆ ಇದೆ. ಅದು ಎತ್ತಿಗೂ ಬೇಡ, ನಾಯಿಗೂ ಬೇಡ. ನೋವು ಇಳಿಯಲೆಂದು ಮನುಷ್ಯರ ನೋವಿನ ಗುಳಿಗೆಯನ್ನೂ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ.

ದವಾಖಾನೆಯಲ್ಲಿ

ಡಾಕ್ಟರರಿಗೆ ಐದು ಸಂಗತಿ ಹೇಳಿರಿ: ಮರಿಯ ವಯಸ್ಸು, ಬೇನೆ ಎಂದಿನಿಂದ, ಒಂದು ಕಣ್ಣೋ ಎರಡೋ, ಹಾಕಿಸಿದ ಲಸಿಕೆಗಳು, ಮನೆಯಲ್ಲಿ ಹಾಕಿದ ಔಷಧ. ಕಡೆಯದನ್ನು ಸಂಕೋಚದಿಂದ ಮುಚ್ಚಿಡುವವರೇ ಹೆಚ್ಚು; ಸೀಸೆಯನ್ನೇ ಒಯ್ದರೆ ಇನ್ನೂ ಒಳ್ಳೆಯದು. ಕೊಲ್ಹಾಪುರ ಜಿಲ್ಲೆಯ ದವಾಖಾನೆಗಳಲ್ಲಿ ಮಾತು ಮರಾಠಿಯಲ್ಲಿ ನಡೆಯುವುದರಿಂದ ನಮ್ಮ ಹೆಣ್ಣುಮಕ್ಕಳು, ವಯಸ್ಸಾದವರು ಹಿಂಜರಿಯುತ್ತಾರೆ. ಹಿಂಜರಿಯಬೇಕಿಲ್ಲ. ಕಣ್ಣಲ್ಲಿ ಹೂ ಬಿತ್ತು ಎಂಬುದಕ್ಕೆ ಅವರೂ 'ಡೋಳ್ಯಾತ ಫೂಲ ಪಡಲಂ' ಎಂದೇ ಅನ್ನುತ್ತಾರೆ. ಈ ಬೇನೆಗೆ ಗಡಿಯ ಎರಡೂ ಕಡೆ ಹೆಸರು ಒಂದೇ.

ಡಾಕ್ಟರರು ಕಣ್ಣಿಗೆ ಕಿತ್ತಳೆ ಬಣ್ಣದ ದ್ರವ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗಾಯವಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ನಾವು ಕಣ್ಣಳತೆಯಲ್ಲಿ ಎಷ್ಟು ನೋಡಿದರೂ ಕಾಣದ ಗೀರು ಈ ಬಣ್ಣಕ್ಕೆ ಕಾಣುತ್ತದೆ. ಕಣ್ಣು ಒಣಗಿದ ಸಂಶಯವಿದ್ದರೆ ಕಾಗದದ ಪಟ್ಟಿಯನ್ನು ರೆಪ್ಪೆಯಲ್ಲಿ ಒಂದು ನಿಮಿಷ ಇಟ್ಟು ನೀರು ಎಷ್ಟು ಮಿಲಿಮೀಟರು ಏರಿತೆಂದು ಅಳೆಯುತ್ತಾರೆ. 15ರ ಮೇಲೆ ಇದ್ದರೆ ಸರಿ. ಈ ಪರೀಕ್ಷೆ ಮಾಡಲಿಲ್ಲವಾದರೆ, 'ಬಣ್ಣ ಹಾಕಿ ನೋಡುವಿರಾ?' ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ತೊಡಕಿನ ಶಸ್ತ್ರಕ್ರಿಯೆ ಬೇಕಾದಲ್ಲಿ ಪುಣೆಯ ಹೆದ್ದಾರಿಯ ಶಿರವಳದಲ್ಲಿರುವ ಸರಕಾರಿ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ವಿಚಾರಿಸಬಹುದು.

ಮೇಲುಮೇಲಿನ ಗೀರುಗಾಯ ಸರಿಯಾದ ಔಷಧಕ್ಕೆ ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯುತ್ತದೆ. ಹನಿ ಹಾಕುವಾಗ ಮರಿಯ ಹಿಂದಿನಿಂದ ಕೈ ತಂದು, ಮೂತಿಯನ್ನು ಮೇಲಕ್ಕೆ ಎತ್ತಿ, ಸೀಸೆಯ ಮೂತಿ ಕಣ್ಣಿಗೆ ತಗಲದಂತೆ ಬಿಡಬೇಕು. ಎರಡು ಔಷಧಗಳಿದ್ದರೆ ನಡುವೆ ಐದರಿಂದ ಹತ್ತು ನಿಮಿಷ ಬಿಡಬೇಕು. ಹನಿ ಮೊದಲು, ಮುಲಾಮು ಅನಂತರ. ತೆರೆದ ಸೀಸೆಯನ್ನು ಒಂದು ತಿಂಗಳ ಮೇಲೆ ಇಡದೆ ಚೆಲ್ಲಿಬಿಡಬೇಕು. ಮಾಡದಲ್ಲಿ ಉಳಿದ ಸೀಸೆ ಏನು ಮಾಡೀತೆಂಬುದನ್ನು ಮೇಲೆ ಹೇಳಿದ್ದೇವೆ.

ನಾಳೆಗೆ ತಡೆಯುವುದು, ತಡೆಯದ್ದು

ಮರಿ ಲವಲವಿಕೆಯಿಂದಿದ್ದು, ಕಣ್ಣು ಪೂರ್ತಿ ತೆರೆದು, ಬರಿಯ ತಿಳಿ ನೀರು ಸುರಿಯುತ್ತಿದ್ದರೆ ತೊಳೆದು ಒಂದು ದಿನ ನೋಡಬಹುದು. ಇಳಿಯದಿದ್ದರೆ ಮಾರನೆಯ ದಿನ ತೋರಿಸಬೇಕು. ದಪ್ಪ ಗೀಜು ಇದ್ದರೆ ಇಲ್ಲವೆ ಮೂಲೆಯಲ್ಲಿ ಕೆಂಪು ಗಂಟು ಎದ್ದಿದ್ದರೆ, ನೋವಿಲ್ಲದಿದ್ದಲ್ಲಿ, ಒಂದೆರಡು ದಿನಗಳೊಳಗೆ ತೋರಿಸಬೇಕು.

ಕಣ್ಣನ್ನು ಬಿಗಿಯಾಗಿ ಮುಚ್ಚಿದ್ದರೆ, ಮಬ್ಬು ಅಥವಾ ನೀಲಿ ಬಣ್ಣ ಬಂದಿದ್ದರೆ, ರಕ್ತ ಕಂಡರೆ, ಪಾಪೆಗಳು ಹೆಚ್ಚುಕಡಿಮೆಯಾಗಿದ್ದರೆ, ಮರಿ ಒಮ್ಮೆಲೇ ಎಡವತೊಡಗಿದರೆ, ಸುಣ್ಣ ಅಥವಾ ಕಳ್ಳಿಹಾಲು ಬಿದ್ದಿದ್ದರೆ, ಎಳೆಮರಿಯ ಮುಚ್ಚಿದ ರೆಪ್ಪೆ ಉಬ್ಬಿದ್ದರೆ, ಕಣ್ಣಿನ ಜೊತೆಗೆ ಜ್ವರವಿದ್ದರೆ ಅದೇ ದಿನ ಹೋಗಬೇಕು. ಕಬ್ಬಿನ ಲಾರಿ ತುಂಬುವುದು ನಾಳೆಗೆ ನಿಂತೀತು, ಇದು ನಿಲ್ಲದು.

ಮುನ್ನೆಚ್ಚರಿಕೆ

ಆರರಿಂದ ಎಂಟನೆಯ ವಾರಕ್ಕೆ ಡಿಸ್ಟೆಂಪರ್ ಮತ್ತು ಯಕೃತ್ತಿನ ಬೇನೆಯನ್ನು ತಡೆಯುವ ಕೂಡುಲಸಿಕೆ ಮೊದಲಾಗಬೇಕು. 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮರುಹಾಕಿಸಬೇಕು. ಒಂದೇ ಸೂಜಿಗೆ ಮುಗಿಯಿತೆಂದು ಬಿಟ್ಟವರ ಮರಿಗಳೇ ಎಷ್ಟೋ ಸಲ ಡಿಸ್ಟೆಂಪರಿಗೆ ತುತ್ತಾಗುತ್ತವೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಕಣ್ಣು ತೊಳೆಯುವಾಗ ಮರಿ ಕಚ್ಚಿದರೆ, ಹಲ್ಲು ತರಚಿದರೆ ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅಂದೇ ಮನುಷ್ಯರ ದವಾಖಾನೆಗೆ ಹೋಗಬೇಕು. ಮರಿಯಲ್ಲವೇ ಎಂದು ಅಲಕ್ಷಿಸಬಾರದು.

ಜಂತಿನ ಔಷಧವನ್ನು ಎರಡನೆಯ ವಾರದಿಂದಲೇ ಡಾಕ್ಟರರು ಹೇಳಿದ ಅಳತೆಯಲ್ಲಿ ಕೊಡಿಸಬೇಕು. ಇದಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಕೇಳಬಹುದು. ಮರಿಯ ಮಲದಲ್ಲಿ ಬೀಳುವ ಜಂತಿನ ತತ್ತಿಗಳು ಮಣ್ಣಿನಲ್ಲಿ ಬಲಿತು, ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋದರೆ, ಮರಿಹುಳು ಮಗುವಿನ ಕಣ್ಣಿನವರೆಗೂ ಹರಿದು ನೋಟ ಕೆಡಿಸಬಲ್ಲದು. ನಾಯಿಮರಿಯನ್ನು ಶುದ್ಧವಾಗಿಟ್ಟವನು ತನ್ನ ಮಕ್ಕಳ ಕಣ್ಣನ್ನೂ ಕಾದಂತೆ.

ಗದ್ದೆ ಕಡಿಯುವ ದಿನ ಮರಿಯನ್ನು ಮನೆಯಲ್ಲಿಯೇ ಕಟ್ಟಿರಿ. ಸುಣ್ಣದ ಬಕೀಟಿಗೆ ಮುಚ್ಚಳವಿರಲಿ. ವಾರಕ್ಕೊಮ್ಮೆ, ಸಂತೆಯ ದಿನವೋ ಕೆಲಸಕ್ಕೆ ಬಿಡುವಿನ ದಿನವೋ, ಬಾಗಿಲ ಬೆಳಕಿನಲ್ಲಿ ಎರಡೂ ಕಣ್ಣು ನೋಡುವ ರೂಢಿ ಮಾಡಿಕೊಳ್ಳಿರಿ. ಮನೆಯ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಸಂತೋಷದಿಂದ ಮಾಡುತ್ತಾರೆ. ನಾವು ಮಲಗಿದಾಗ ನಮ್ಮ ಹೊಲಮನೆಯನ್ನು ನೋಡುತ್ತಿರುವುದು ಆ ಎರಡು ಕಣ್ಣುಗಳೇ. ವಾರಕ್ಕೆ ಒಂದು ನಿಮಿಷ ನಾವು ಅವುಗಳ ಕಡೆಗೆ ನೋಡಿದರೆ ಹೆಚ್ಚಾಗಲಿಲ್ಲ.